ವಾಪಸ್ ಕರೆದ ಬೈಕು ಕೆಟ್ಟ ಬೈಕಲ್ಲ

ಪ್ರಶ್ನೆ: ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ತಗೊಂಡಿದ್ದೇನೆ. ಆರ್‌ಸಿಯಲ್ಲಿ ತಯಾರಿಕೆ ಅಕ್ಟೋಬರ್ 2021 ಅಂತಿದೆ. ಹಿಂದಿನ ಬ್ರೇಕಿನ ಯಾವುದೋ ಭಾಗ ಸರಿಯಿಲ್ಲವೆಂದು ಕಂಪನಿ ಆ ಗಾಡಿಗಳನ್ನು ವಾಪಸ್ ಕರೆದಿತ್ತಂತೆ. ನನಗೆ ಒಂದು ಎಸ್ಸೆಮ್ಮೆಸ್ಸೂ ಬಂದಿಲ್ಲ. ನಮ್ಮೂರ ಮೆಕ್ಯಾನಿಕ್ ನೋಡಿ, ‘ಬ್ರೇಕ್ ಚೆನ್ನಾಗೇ ಹಿಡೀತಿದೆ, ಇಷ್ಟು ವರ್ಷ ಆಗದ್ದು ಈಗೇನಾಗುತ್ತೆ, ಬಿಡಿ’ ಅಂದರು. ಮನೆಯಲ್ಲಿ ಮಾರಿಬಿಡು ಅಂತಾರೆ. ತಪ್ಪು ಮಾಡಿದ್ದೇವೆ ಅಂತ ತಾನೇ ಒಪ್ಪಿಕೊಂಡ ಕಂಪನಿಯನ್ನು ನಂಬುವುದು ಹೇಗೆ? ವಾರಕ್ಕೆರಡು ಸಲ ಚಾರ್ಮಾಡಿ ಇಳಿದು ಉಜಿರೆಗೆ ಹೋಗುತ್ತೇನೆ.
ಹೆಸರು ಬೇಡವೆಂದ ಓದುಗರು, ಕೊಟ್ಟಿಗೆಹಾರ

ಉತ್ತರ: ಕೊನೆಯ ಸಾಲನ್ನು ನೀವು ಸುಮ್ಮನೆ ಸೇರಿಸಿದಂತಿದೆ. ನಮ್ಮ ಕಣ್ಣು ಮೊದಲು ಹೋದದ್ದೇ ಅಲ್ಲಿಗೆ. ನೀವು ಬಯಲುಸೀಮೆಯಲ್ಲಿ ಗಾಡಿ ಓಡಿಸುವವರಾಗಿದ್ದರೆ ಈ ಉತ್ತರ ಇಷ್ಟು ಉದ್ದವಾಗುತ್ತಿರಲಿಲ್ಲ.

2021ರ ಡಿಸೆಂಬರ್‌ನಲ್ಲಿ ರಾಯಲ್ ಎನ್‌ಫೀಲ್ಡ್ 26,300 ಕ್ಲಾಸಿಕ್ 350 ಬೈಕ್‌ಗಳನ್ನು ವಾಪಸ್ ಕರೆಯಿತು. ಆ ವರ್ಷದ ಸೆಪ್ಟೆಂಬರ್ 1ರಿಂದ ಡಿಸೆಂಬರ್ 5ರೊಳಗೆ ತಯಾರಾದ, ಸಿಂಗಲ್ ಚಾನೆಲ್ ಎಬಿಎಸ್ (ಬ್ರೇಕ್ ಹಾಕಿದಾಗ ಮುಂದಿನ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇದ್ದು ಹಿಂದೆ ಡ್ರಮ್ ಬ್ರೇಕ್ ಇರುವ ಗಾಡಿಗಳಿಗೆ ಮಾತ್ರ ಅದು ಅನ್ವಯ. ಈಗಲೇ ಎದ್ದು ಹೋಗಿ ಹಿಂದಿನ ಚಕ್ರ ನೋಡಿ. ಅಲ್ಲಿ ಡಿಸ್ಕ್ ಇದ್ದರೆ ಈ ರೀಕಾಲ್ ನಿಮ್ಮದಲ್ಲ. ಡ್ರಮ್ ಇದ್ದರೆ ಮುಂದೆ ಓದಿ.

ದೋಷ ಇದ್ದದ್ದು ಬ್ರೇಕ್ ಶೂನಲ್ಲಲ್ಲ, ರಿಯಾಕ್ಷನ್ ಬ್ರಾಕೆಟ್‌ನಲ್ಲಿ. ಪೆಡಲ್ ತುಳಿದಾಗ ಒಳಗಿನ ಎರಡು ಶೂಗಳು ಅಗಲಿ, ತಿರುಗುವ ಡ್ರಮ್ಮನ್ನು ಒತ್ತುತ್ತವೆ. ಆಗ ಶೂಗಳನ್ನು ಹೊತ್ತಿರುವ ಬ್ರೇಕ್ ಪ್ಲೇಟ್ ಕೂಡ ಚಕ್ರದ ಜತೆ ತಿರುಗಲು ನೋಡುತ್ತದೆ. ಅದನ್ನು ತಿರುಗಗೊಡದೆ ತಡೆದು ನಿಲ್ಲಿಸುವುದು ಸ್ವಿಂಗ್ ಆರ್ಮ್‌ಗೆ, ಅಂದರೆ ಹಿಂದಿನ ಚಕ್ರವನ್ನು ಹಿಡಿದಿರುವ ತೋಳಿಗೆ, ಸೇರಿದ ಈ ಬ್ರಾಕೆಟ್. ಪೆಡಲ್ ಮೇಲೆ ಎಷ್ಟು ಭಾರ ಬಿಟ್ಟರೂ ಅದರ ಏಟು ಕೊನೆಗೆ ಬೀಳುವುದು ಇದರ ಮೇಲೆಯೇ. ಹಿಂದಿನ ಪೆಡಲನ್ನು ಅಸಾಧಾರಣ ಬಲದಿಂದ ತುಳಿದರೆ ಬ್ರಾಕೆಟ್‌ಗೆ ಹಾನಿಯಾಗಬಹುದು, ಬ್ರೇಕ್ ಹಾಕಿದಾಗ ವಿಚಿತ್ರ ಸದ್ದು ಬರಬಹುದು, ವಿಪರೀತ ಸಂದರ್ಭದಲ್ಲಿ ಹಿಡಿತವೇ ಕಡಿಮೆಯಾಗಬಹುದು ಎಂಬುದು ಕಂಪನಿ ಕೊಟ್ಟ ವಿವರಣೆ.

ನಿಮ್ಮ ಮೆಕ್ಯಾನಿಕ್ ಸುಳ್ಳು ಹೇಳಿಲ್ಲ. ಬ್ರೇಕ್ ಇವತ್ತು ಹಿಡಿಯುತ್ತಿರಬಹುದು. ಆದರೆ ಅವರು ನೋಡಿದ್ದು ಶೂವನ್ನು, ಕೇಳಬೇಕಾದದ್ದು ಬ್ರಾಕೆಟ್ಟನ್ನು. ಲೋಹ ದಣಿಯುವುದು ಹೊರಗೆ ಕಾಣುವುದಿಲ್ಲ. ಒಂದೊಂದು ಸಲ ಜೋರಾಗಿ ತುಳಿದಾಗಲೂ ಬಿರುಕು ಕೂದಲೆಳೆಯಷ್ಟು ಮುಂದೆ ಸರಿಯುತ್ತದೆ, ಅಷ್ಟು ಹೊತ್ತೂ ಬ್ರೇಕ್ ಮಾತ್ರ ಸರಿಯಾಗಿಯೇ ಕೆಲಸ ಮಾಡುತ್ತಿರುತ್ತದೆ. ಹಾಗಾಗಿ ‘ಇಷ್ಟು ವರ್ಷ ಏನೂ ಆಗಿಲ್ಲ’ ಎಂಬುದು ಧೈರ್ಯ ತರುವ ಮಾತಲ್ಲ. ಅಷ್ಟು ವರ್ಷದ ಏಟು ಅದು ತಿಂದಿದೆ ಎಂದೇ ಅರ್ಥ.

‘ಅಸಾಧಾರಣ ಬಲ’ ಅಂದರೆ ನಮ್ಮ ಕಡೆ ಏನು ಎಂದು ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಒಂದು ತಿರುವಿನ ಪಕ್ಕ ನಿಂತು ನೋಡಿದರೆ ಸಾಕು. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತೇವೆ ಎಂಬ ಹೆದರಿಕೆಯಲ್ಲಿ ಅರ್ಧಕ್ಕರ್ಧ ಜನ ಹಿಂದಿನ ಪೆಡಲ್ ಮೇಲೆಯೇ ನಿಂತು ಇಳಿಯುತ್ತಾರೆ. ಹಿಂದೆ ಹೆಂಡತಿ, ಮಧ್ಯೆ ಮಗು, ಟ್ಯಾಂಕ್ ಮೇಲೆ ಚೀಲ. ಇನ್ನು ಪೆಟ್ರೋಲ್ ಉಳಿಸುತ್ತೇವೆಂದು ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಜಾರಿಸಿಕೊಂಡು ಬರುವವರಿಗೆ ಏನು ಹೇಳುವುದು? ಎಂಜಿನ್ ತಾನೇ ಹಿಡಿದುಕೊಳ್ಳಬೇಕಾದ ಭಾರವನ್ನೆಲ್ಲ ಅವರು ಬ್ರೇಕಿನ ತಲೆಗೆ ಕಟ್ಟುತ್ತಾರೆ. ಡ್ರಮ್ ಕಾದು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಕೆಳಕೆಳಗೆ ಹೋಗುತ್ತದೆ, ಸವಾರ ಇನ್ನಷ್ಟು ಜೋರಾಗಿ ತುಳಿಯುತ್ತಾನೆ. ಕಂಪನಿಯ ಎಂಜಿನಿಯರ್‌ಗೆ ವಿಪರೀತ ಅನ್ನಿಸುವುದು ನಮ್ಮ ಕೊಟ್ಟಿಗೆಹಾರದವರಿಗೆ ಸೋಮವಾರ ಬೆಳಗಿನ ಕೆಲಸ.

ಈಗ ನಂಬಿಕೆಯ ಪ್ರಶ್ನೆ. ಅನುಮಾನ ನ್ಯಾಯವಾದದ್ದೇ. ಹೊಸ ಕ್ಲಾಸಿಕ್ ಬಿಡುಗಡೆಯಾದದ್ದೇ 2021ರ ಸೆಪ್ಟೆಂಬರ್ 1ರಂದು. ಅಂದರೆ ದೋಷ ಇದ್ದದ್ದು ಮೊದಮೊದಲು ತಯಾರಾದ ಗಾಡಿಗಳಲ್ಲಿ, ಮುಗಿಬಿದ್ದು ಬುಕ್ ಮಾಡಿದವರಿಗೇ ಅದು ಸಿಕ್ಕಿತು. ಇದನ್ನು ಮೊದಲೇ ಹಿಡಿಯಬೇಕಿತ್ತು ಎಂದರೆ ನಾವೂ ಹೌದೆನ್ನುತ್ತೇವೆ. ಆದರೆ ಅಲ್ಲಿಂದ ‘ಮಾರಿಬಿಡು’ ಎಂಬಲ್ಲಿಗೆ ಜಿಗಿಯುವುದನ್ನು ಒಪ್ಪಲಾರೆವು. ಅದೇ ಕಂಪನಿ 2019ರಲ್ಲಿ ಸುಮಾರು 7,000 ಬುಲೆಟ್‌ಗಳನ್ನು ವಾಪಸ್ ಕರೆದದ್ದು ಬ್ರೇಕ್ ಕ್ಯಾಲಿಪರ್‌ನ (ಡಿಸ್ಕನ್ನು ಅದುಮಿ ಹಿಡಿಯುವ ಭಾಗದ) ಬೋಲ್ಟ್ ನಿಗದಿಯಷ್ಟು ಬಿಗಿಯಾಗಿಲ್ಲ ಎಂಬ ಕಾರಣಕ್ಕೆ. 2020ರಲ್ಲಿ ಬ್ರಿಟನ್, ಯುರೋಪ್, ಕೊರಿಯಾಗಳಲ್ಲಿ ಸುಮಾರು 15,200 ಹಿಮಾಲಯನ್, ಇಂಟರ್‌ಸೆಪ್ಟರ್, ಕಾಂಟಿನೆಂಟಲ್ ಜಿಟಿ ಬೈಕ್‌ಗಳನ್ನು ಕರೆಸಿತು. ಅಲ್ಲಿ ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪಿನಿಂದ ಕ್ಯಾಲಿಪರ್ ತುಕ್ಕು ತಿನ್ನುತ್ತಿತ್ತು. (ನಮ್ಮಲ್ಲಿ ರಸ್ತೆಗೆ ಉಪ್ಪು ಸುರಿಯುವುದಿಲ್ಲ, ನಿಜ. ಆದರೆ ತೋಟಕ್ಕೆ ಪೊಟ್ಯಾಷ್ ಮೂಟೆಯನ್ನು ಬೈಕ್ ಮೇಲೆ ಹೇರುವವರು ಗಮನಿಸಿ, ಅದೂ ಕ್ಲೋರೈಡ್ ಉಪ್ಪೇ. ಸಂಜೆ ಕ್ಯಾಲಿಪರ್ ಮೇಲೆ ಒಂದು ಬಕೆಟ್ ನೀರು ಬೀಳಲಿ.) ತಪ್ಪು ಎಲ್ಲ ಕಾರ್ಖಾನೆಗಳಲ್ಲೂ ಆಗುತ್ತದೆ. ಹೇಳಿ ಸರಿಪಡಿಸಿಕೊಡುವವರಿಗಿಂತ, ಸರ್ವಿಸ್‌ಗೆ ಬಂದಾಗ ಗಿರಾಕಿಗೆ ಹೇಳದೆ ಭಾಗ ಬದಲಿಸಿ ಕಳಿಸುವವರಿಗೆ ನಾವು ಹೆದರಬೇಕು. ಒಂದೇ ಒಂದು ರೀಕಾಲ್ ಮಾಡದ ಕಂಪನಿ ಎಂದು ಯಾರಾದರೂ ಎದೆಯುಬ್ಬಿಸಿ ಹೇಳಿದರೆ ನಮಗೆ ಬರುವುದು ಅನುಮಾನ, ಗೌರವವಲ್ಲ.

ನಿಮ್ಮ ಹಾಗೆ ನಮಗೂ ಸಿಟ್ಟಿದೆ, ಬೇರೆಯವರ ಮೇಲೆ. ನಿಮಗೆ ಎಸ್ಸೆಮ್ಮೆಸ್ ಏಕೆ ಬರಲಿಲ್ಲ? ಕಂಪನಿ ಕಳಿಸುವುದು ತನ್ನ ದಾಖಲೆಯಲ್ಲಿರುವ ನಂಬರಿಗೆ, ಅಂದರೆ ಮೊದಲ ಮಾಲೀಕನಿಗೆ. ಗಾಡಿ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಕಾನೂನಿದೆ. ಆದರೂ ಮಾಲೀಕತ್ವ ಬದಲಾವಣೆಯ ಫಾರ್ಮ್ 29, 30ನ್ನು ಸಹಿ ಹಾಕಿಸಿ ಖಾಲಿಯಾಗಿಯೇ ಕೈಗಿಟ್ಟು ದುಡ್ಡು ಎಣಿಸಿಕೊಳ್ಳುವ ದಲ್ಲಾಳಿಗಳು ಹಾಸನದಲ್ಲೂ ಇದ್ದಾರೆ, ಚಿಕ್ಕಮಗಳೂರಲ್ಲೂ ಇದ್ದಾರೆ. ಮೂರು ಕೈ ಬದಲಾದ ಗಾಡಿಯ ಆರ್‌ಸಿಯಲ್ಲಿ ಇನ್ನೂ ಮೊದಲನೆಯವರ ಹೆಸರೇ. ಅಂಥ ಗಾಡಿಯ ರೀಕಾಲ್ ಸಂದೇಶ ಎಂದೋ ಬಿಸಾಡಿದ ಸಿಮ್ಮಿಗೆ ಹೋಗಿ ಬೀಳುತ್ತದೆ. ಸ್ವಾಮಿ, ನಿಮ್ಮ ಆರ್‌ಸಿ ನಿಮ್ಮ ಹೆಸರಲ್ಲಿದೆಯೇ? ಪತ್ರದಲ್ಲಿ ನೀವು ಬರೆದಿಲ್ಲ, ಆದ್ದರಿಂದ ಕೇಳುತ್ತಿದ್ದೇವೆ. ಇದ್ದರೂ ಸಾರಿಗೆ ಇಲಾಖೆಯ ಪರಿವಾಹನ್ ಪೋರ್ಟಲ್‌ನಲ್ಲಿ ಮೊಬೈಲ್ ನಂಬರ್ ನಿಮ್ಮದೇ ಎಂದು ನೋಡಿಕೊಳ್ಳಿ.

ನಮ್ಮ ಸಿಟ್ಟಿನಿಂದ ಸರ್ಕಾರವೂ ಹೊರಗಿಲ್ಲ. ರೀಕಾಲ್ ವಿಷಯದಲ್ಲಿ 2012ರಿಂದ ಇದ್ದದ್ದು ತಯಾರಕರ ಸಂಘ ತಾನಾಗಿ ಒಪ್ಪಿಕೊಂಡ ಸಂಹಿತೆ ಮಾತ್ರ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಕಲಂ ಬಂತು, 2021ರ ಏಪ್ರಿಲ್‌ನಿಂದ ನಿಯಮ ಜಾರಿಯಾಯಿತು, ಕೇಂದ್ರವೇ ವಾಪಸಾತಿಗೆ ಆದೇಶ ಕೊಡಬಹುದೆಂದಾಯಿತು. ಒಳ್ಳೆಯದೇ. ಆದರೆ ಆ ನಿಯಮ ಏಳು ವರ್ಷದೊಳಗಿನ ವಾಹನಗಳಿಗೆ. ಆರ್‌ಸಿ ಕೊಡುವುದು ಹದಿನೈದು ವರ್ಷಕ್ಕೆ, ಮಲೆನಾಡಿನ ತೋಟಗಳಲ್ಲಿ ಬೈಕು ದುಡಿಯುವುದು ಅದಕ್ಕೂ ಹೆಚ್ಚು. ಅಮೆರಿಕದಲ್ಲಿ ಹದಿನೈದು ವರ್ಷದ ತನಕ ರೀಕಾಲ್ ರಿಪೇರಿ ಉಚಿತ. ಎಂಟನೇ ವರ್ಷದ ಬ್ರೇಕು ಏಳನೇ ವರ್ಷದ್ದಕ್ಕಿಂತ ಕಡಿಮೆ ಜೀವ ಹೊತ್ತಿರುತ್ತದೆಯೇ? ಇನ್ನು ಕನ್ನಡದಲ್ಲಿ ಬಂದ ರೀಕಾಲ್ ನೋಟಿಸನ್ನು ನಮ್ಮ ಓದುಗರಲ್ಲಿ ಎಷ್ಟು ಮಂದಿ ಕಂಡಿದ್ದೀರಿ? ಜಾಹೀರಾತು ಮಾತ್ರ ಬಾಳೆಹೊನ್ನೂರಿನ ಬಸ್‌ಸ್ಟ್ಯಾಂಡ್ ತನಕ ಕನ್ನಡದಲ್ಲೇ ಬರುತ್ತದೆ.

ನೀವು ಮಾಡಬೇಕಾದದ್ದು ಇಷ್ಟು. ಆರ್‌ಸಿಯಲ್ಲಿರುವ 17 ಅಕ್ಷರದ ಚಾಸಿ ನಂಬರನ್ನು ಫ್ರೇಮಿನ ಮೇಲೆ ಕೊರೆದದ್ದರ ಜತೆ ಹೋಲಿಸಿ ಬರೆದುಕೊಳ್ಳಿ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ, ಈ ನಂಬರಿನ ಮೇಲೆ ಬಾಕಿ ಇರುವ ರೀಕಾಲ್ ಇದೆಯೇ ಎಂದು ಕೇಳಿ. ಹಿಂದಿನ ಮಾಲೀಕರು ಮಾಡಿಸಿದ್ದರೂ ಮಾಡಿಸಿರಬಹುದು, ಅದೂ ಆಗ ಗೊತ್ತಾಗುತ್ತದೆ. ಬಾಕಿ ಇದ್ದರೆ ಅಧಿಕೃತ ಸರ್ವಿಸ್‌ನಲ್ಲಿ ದಿನ ಗೊತ್ತು ಮಾಡಿಕೊಳ್ಳಿ. ಭಾಗ ಬಂದಿದೆಯೇ ಎಂದು ಮೊದಲೇ ಕೇಳಿಕೊಂಡು ಹೋದರೆ ಒಂದು ಓಡಾಟ ಉಳಿಯುತ್ತದೆ. ಜಾಬ್ ಕಾರ್ಡ್‌ನಲ್ಲಿ ‘ರೀಕಾಲ್, ರಿಯರ್ ಬ್ರೇಕ್ ರಿಯಾಕ್ಷನ್ ಬ್ರಾಕೆಟ್’ ಎಂದು ಬರೆಸಿ. ವಾರಂಟಿ ಮುಗಿದಿದೆ, ನೀವು ಎರಡನೇ ಮಾಲೀಕರು ಎಂಬ ಮಾತು ಬಂದರೆ ಬಗ್ಗಬೇಡಿ. ರೀಕಾಲ್ ಅಂಟಿಕೊಂಡಿರುವುದು ಗಾಡಿಗೆ, ಮಾಲೀಕನಿಗಲ್ಲ. ಭಾಗಕ್ಕೂ ಕೂಲಿಗೂ ಕಾಸು ಕೊಡಬೇಕಿಲ್ಲ. ಬಿಲ್ಲನ್ನು ಆರ್‌ಸಿ ಜತೆ ಇಡಿ, ಮುಂದೆ ಮಾರುವಾಗ ಅದೇ ನಿಮಗೆ ಬೆಲೆ ತರುತ್ತದೆ.

ಹೋದಾಗ ಮುಂದಿನ ಬ್ರೇಕ್ ಆಯಿಲನ್ನೂ ನೋಡಿಸಿ, ಇದಕ್ಕೆ ನೀವೇ ದುಡ್ಡು ಕೊಡಿ. ಡಾಟ್ 4 ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಇರುವ ಕುದಿಬಿಂದು ತೇವ ಸೇರಿದರೆ 155ರ ತನಕ ಇಳಿಯಬಹುದು. ಮುಂಗಾರು ಹೊಯ್ಯುವ ಊರಿನಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಬಿಡಬಾರದು. ಡಬ್ಬಿಯ ಗಾಜಿನಲ್ಲಿ ಡಿಕಾಕ್ಷನ್ ಬಣ್ಣ ಕಂಡರೆ ಅವಧಿ ಲೆಕ್ಕ ಹಾಕುತ್ತ ಕೂರದೆ ಬದಲಿಸಿ.

ಬ್ರಾಕೆಟ್ ಕೆಲಸ ಆಗುವ ತನಕ ಚಾರ್ಮಾಡಿಗೆ ಬಸ್ಸಿದೆ. ಬೈಕಲ್ಲೇ ಹೋಗಲೇಬೇಕಾದರೆ ಹಿಂದೆ ಯಾರನ್ನೂ ಕೂರಿಸಬೇಡಿ. ಇಳಿಜಾರು ಶುರುವಾಗುವ ಮೊದಲೇ ಎರಡನೇ ಅಥವಾ ಮೂರನೇ ಗೇರಿಗೆ ಬನ್ನಿ, ಕ್ಲಚ್ ಹಿಡಿಯದೆ ಎಂಜಿನ್ನಿಗೇ ಭಾರ ಬಿಡಿ. ತಿರುವಿಗೆ ಮುಂಚೆ, ಗಾಡಿ ನೆಟ್ಟಗಿರುವಾಗಲೇ ಮುಂದಿನ ಬ್ರೇಕ್ ಮೆಲ್ಲಗೆ ಹಿಡಿದು ವೇಗ ಇಳಿಸಿ. ಅಲ್ಲಿ ಎಬಿಎಸ್ ಇದೆ, ಜನ ಹೆದರುವಂತೆ ಚಕ್ರ ಕಚ್ಚಿಕೊಳ್ಳುವುದಿಲ್ಲ. ಹಿಂದಿನ ಪೆಡಲ್ ಮುಟ್ಟಿದಾಗ ಚಕ್ರದ ಕಡೆಯಿಂದ ‘ಟಕ್’ ಅಂತಲೋ ಕಿರುಗುಟ್ಟಿದಂತೆಯೋ ಹೊಸ ಸದ್ದು ಬಂದರೆ ಅಲ್ಲೇ ನಿಲ್ಲಿಸಿ, ಪಿಕಪ್ ಕರೆಸಿ ಗಾಡಿಯನ್ನು ಅದರಲ್ಲಿ ಹಾಕಿಕೊಂಡು ಹೋಗಿ.