ಹಳೆ ಡಾಂಬರು ನೆಲದಲ್ಲಿ ತೇವ: ಮೊದಲು ನೀರು ಎಲ್ಲಿಂದ ಬರ್ತಿದೆ ಹುಡುಕಿ

ಇಂಗ್ಲೆಂಡಿನಲ್ಲಿ 1950ರ ದಶಕದ ಮನೆ ಕೊಂಡಿದ್ದೀರಿ, ಅಡುಗೆಮನೆಯ ಹಳೆ ನೆಲಹಾಸು ಕಿತ್ತರೆ ಕೆಳಗೆ ಕಪ್ಪು ಡಾಂಬರು ನೆಲ, ಒಂದು ಗೋಡೆಯ ಪಕ್ಕ ತೇವ. ಅದರ ಮೇಲೆ ಎಪಾಕ್ಸಿ (ಒಣಗಿ ಗಟ್ಟಿಯಾಗುವ ರಾಳದ ಲೇಪ) ಬಳಿದು ಲ್ಯಾಮಿನೇಟ್ ಹಾಕಿಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಬೇಡ.

ನಮ್ಮದೂ ಕವೆಂಟ್ರಿಯಲ್ಲಿ ಅದೇ ಕಾಲದ ಮನೆ. ಕೆಲಸಕ್ಕೆ ಬಂದವರು ಡಾಂಬರು ಇದ್ದ ಮೇಲೆ ನೀರು ಬರಲ್ಲ ಎಂದು ನೇರವಾಗಿ ಲ್ಯಾಮಿನೇಟ್ ಹಾಕಿ ಹೋದರು. ಮೊದಲ ಚಳಿಗಾಲ ಮುಗಿಯುವಷ್ಟರಲ್ಲಿ ಹಲಗೆಗಳ ಅಂಚು ಉಬ್ಬಿತು, ಮನೆಯೆಲ್ಲ ಮುಗ್ಗಲು ವಾಸನೆ. ಮೂಲೆಯಲ್ಲಿದ್ದ ಸೋನಾ ಮಸೂರಿ ಚೀಲ ಎತ್ತಿದರೆ ತಳ ಒದ್ದೆ, ಕೆಳಗಿನ ಅಕ್ಕಿ ಗಂಟುಕಟ್ಟಿ ಹಸಿರು ಬೂಷ್ಟು ಹಿಡಿದಿತ್ತು. ನನಗೆ ತುಂಬಾ ಬೇಜಾರಾಯಿತು. ಊರಿನ ಮನೆಯಲ್ಲಿ ಮಳೆಗಾಲಕ್ಕೆ ಕಾವಿ ನೆಲ ಬೆವರುತ್ತಲ್ವಾ, ಇದೂ ಹಾಗೇ ಇರಬೇಕು ಎಂದು ನಾವು ತಿಂಗಳುಗಟ್ಟಲೆ ಸುಮ್ಮನಿದ್ದೆವು.

ಡಾಂಬರು ಸುಮ್ನೆ ನೀರು ಬಿಡುವುದಿಲ್ಲ. ಯುದ್ಧದ ನಂತರ ಮರ ಸಿಗದೆ ಇಲ್ಲಿ ಕಾಂಕ್ರೀಟ್ ನೆಲ ಜಾಸ್ತಿಯಾದವು, ಮಣ್ಣಿನ ಪಸೆ ಮೇಲೆ ಬರದಿರಲಿ ಎಂದೇ ಮೇಲೆ ಡಾಂಬರು ಹಾಕುತ್ತಿದ್ದರು. ಹಾಗಾಗಿ ತೇವ ಕೆಳಗಿನಿಂದ ಬರ್ತಿದ್ದರೆ ಆ ಪದರ ಎಲ್ಲೋ ಕಿತ್ತಿರುತ್ತದೆ: ಬಿರುಕು, ಪೈಪ್‌ಗಾಗಿ ಅಗೆದ ಜಾಗ, ಗೋಡೆ ಮತ್ತು ನೆಲದ ನಡುವಿನ ಸಂದು.

ಒಂದು ಮೀಟರ್ ಅಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ ಎರಡು ದಿನ ಬಿಡಿ. ಹನಿ ಹಾಳೆಯ ಮೇಲೆ ಕಟ್ಟಿದರೆ ಅದು ಮನೆಯೊಳಗಿನ ಗಾಳಿಯ ತೇವ, ಅಡುಗೆಯ ಆವಿ, ಒಳಗೇ ಒಣಹಾಕುವ ಬಟ್ಟೆ. ಕಿಟಕಿ ತೆರೆದು ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಬಹಳಷ್ಟು ಹೋಗುತ್ತದೆ. ಹಾಳೆಯ ಅಡಿಯಲ್ಲಿ ಕಟ್ಟಿದರೆ ನೆಲದಿಂದಲೇ ಬರ್ತಿದೆ. ಒಂದೇ ಕಡೆ ಮಾಡಬೇಡಿ, ನಾಲ್ಕೈದು ಕಡೆ ಮಾಡಿ. ನಮ್ಮಲ್ಲಿ ಹಾಳೆಯ ಅಡಿ ಹನಿ ಕಟ್ಟಿದ್ದು ಗೇಣಗಲದ ಒಂದು ಪಟ್ಟಿಯ ಮೇಲೆ ಮಾತ್ರ. ಅಲ್ಲಿ ಮೊದಲು ಗೋಡೆ ಇತ್ತಂತೆ, ಹಿಂದಿನವರು ಅದನ್ನು ಒಡೆದು ಗುಂಡಿಗೆ ಬರೀ ಸಿಮೆಂಟ್ ತುಂಬಿದ್ದರು. ಅಕ್ಕಪಕ್ಕದ ಡಾಂಬರು ಕಲ್ಲಿನಂತೆ ಒಣಗಿತ್ತು, ನಡುವಿನ ಬೂದು ಪಟ್ಟಿ ಬೆರಳಿಟ್ಟರೆ ತಣ್ಣಗೆ, ಒದ್ದೆ.

ರಾತ್ರಿ ಮನೆಯ ನಲ್ಲಿಗಳನ್ನೆಲ್ಲ ನಿಲ್ಲಿಸಿ ನೀರಿನ ಮೀಟರ್ ನೋಡಿಕೊಳ್ಳಿ, ಬೆಳಗ್ಗೆ ಅದು ಓಡಿದ್ದರೆ ನೆಲದಲ್ಲಿ ಹೂತ ತಾಮ್ರದ ಪೈಪ್ ಸೋರುತ್ತಿರಬಹುದು.

ಎಪಾಕ್ಸಿ ವಿಷಯ. ಡಾಂಬರು ಮೆತ್ತಗಿನ ವಸ್ತು, ಬಿಸಿಲಿಗೆ, ಭಾರಕ್ಕೆ ಸ್ವಲ್ಪ ಜಗ್ಗುತ್ತದೆ. ಅದರ ಮೇಲೆ ಗಟ್ಟಿ ಎಪಾಕ್ಸಿ ಸರಿಯಾಗಿ ಹಿಡಿಯದೆ ಕಳಚಿ ಬರುತ್ತದೆ. ನಾವು ಆ ಪಟ್ಟಿಯನ್ನು ಅಗೆಸಿ, ಬಿಸಿ ಡಾಂಬರು ಹಾಕುವ ಕೆಲಸಗಾರರಿಂದ ಹಳೆಯದರ ಅಂಚಿಗೆ ಬೆಸೆಸಿದೆವು. ಇದು ಮನೆಯಲ್ಲೇ ಮಾಡುವ ಕೆಲಸ ಅಲ್ಲ, 200 ಡಿಗ್ರಿ ಮೇಲೆ ಕಾದಿರುತ್ತದೆ. ಇಡೀ ನೆಲವೇ ಹಾಳಾಗಿದ್ದರೆ, ಗುಬುಟು ಗುಬುಟಾಗಿರುವ ಪ್ಲಾಸ್ಟಿಕ್ ಹಾಳೆ ಹಾಸಿ ಮೇಲೆ ಅಂಟಿಸದೆ ಹಲಗೆ ಕೂರಿಸುವುದು ಒಂದು ದಾರಿ. ಆದರೆ ನೆಲ ಎತ್ತರವಾಗುತ್ತದೆ, ಬಾಗಿಲು ಕೊಯ್ಯಬೇಕಾಗುತ್ತದೆ.

ಇನ್ನೊಂದು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಡಾಂಬರಿನ ಮೇಲೆ ಒಂಬತ್ತು ಇಂಚಿನ ಹಳೆ ಟೈಲ್ಸ್ ಅಥವಾ ಕಪ್ಪು ಅಂಟು ಉಳಿದಿದ್ದರೆ ಉಜ್ಜಬೇಡಿ, ಒಡೆಯಬೇಡಿ. ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಅದರ ಧೂಳು ಉಸಿರಿನಲ್ಲಿ ಹೋದರೆ ಅಪಾಯ. ಇಲ್ಲಿ ಅದು ಪೂರ್ತಿ ನಿಷೇಧವಾಗಿದ್ದೇ 1999ರಲ್ಲಿ. ಈಗಾಗಲೇ ಕಿತ್ತು ಬಂದಿರುವ ಒಂದು ಚೂರನ್ನು ಲ್ಯಾಬ್‌ಗೆ ಕಳಿಸಿ ತಿಳಿದುಕೊಂಡೇ ಮುಂದುವರಿಯಿರಿ, ಮಕ್ಕಳಿರುವ ಮನೆಯಾದರೆ ಇನ್ನೂ ಎಚ್ಚರ.

ನಿಮ್ಮಲ್ಲಿ ತೇವ ಒಂದೇ ಗೋಡೆಯ ಪಕ್ಕ ಇರುವುದರಿಂದ ನನಗೆ ಮೊದಲ ಅನುಮಾನ ಹೊರಗಿನ ಮಣ್ಣಿನ ಮೇಲೆ. ಗೋಡೆಯ ಹೊರಗೆ ಹೋಗಿ ನೋಡಿ. ಗೋಡೆಯಲ್ಲಿ ತೇವ ತಡೆಯಲು ಹಾಕಿರುವ ಪದರಕ್ಕಿಂತ ಹೊರಗಿನ ನೆಲ ಕನಿಷ್ಠ 150 ಮಿಲಿಮೀಟರ್ ಕೆಳಗಿರಬೇಕು. ಯಾರೋ ಕಲ್ಲುಹಾಸು ಅಥವಾ ಹೂವಿನ ಪಾತಿ ಮಾಡಿ ಅದನ್ನು ಏರಿಸಿದ್ದರೆ, ಈ ವಾರವೇ ಅಗೆದು ಇಳಿಸಿ. ಆಮೇಲೆ ಒಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ನೋಡಿ, ಏನು ಕಂಡಿತು ಅಂತ ಬರೆಯಿರಿ.