ಒಂದು ವರ್ಷದ ಸ್ನಾತಕೋತ್ತರ ಓದಿನ ನಡುವೆ ಲಂಡನ್ ನೋಡಲು ಬಿಡುವು ಸಿಗುತ್ತದೆಯೇ?

ಲಂಡನ್‌ನಲ್ಲಿ ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಸೀಟು ಸಿಕ್ಕಿದೆ, ಕೈಯಲ್ಲಿ ಹಣ ಹೆಚ್ಚಿಲ್ಲ, ಓದುತ್ತಲೇ ನಗರವನ್ನು ನೋಡಲು ಸಾಧ್ಯವೇ ಅಥವಾ ಪದವಿ ಮುಗಿಸಿಕೊಂಡು ನಿಶ್ಚಿಂತೆಯಿಂದ ಸುತ್ತುವುದು ಮೇಲೇ ಎಂದು ಕೇಳಿದ್ದೀರಿ. ನಾನು ಅಂಥದೇ ಒಂದು ಕೋರ್ಸನ್ನು ಅಲ್ಲಿ ಓದಿ ಬಂದವನು. ‘ಎಲ್ಲ ಮುಗಿಯಲಿ, ಆಮೇಲೆ ನೋಡೋಣ’ ಎಂದುಕೊಂಡು ಮೊದಲ ಮೂರು ತಿಂಗಳನ್ನು ಕೋಣೆ ಮತ್ತು ತರಗತಿಗಳ ನಡುವೆಯೇ ಕಳೆದವನೂ ಹೌದು. ಹಾಗಾಗಿ ಆಮೇಲೆ ಎಂಬುದನ್ನು ನಂಬಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ.

ಕಾರಣ ಸರಳವಾಗಿದೆ. ಅಲ್ಲಿನ ಸ್ನಾತಕೋತ್ತರ ಪದವಿಯೆಂದರೆ 180 ಕ್ರೆಡಿಟ್‌ಗಳ ಓದು. ಅದರಲ್ಲಿ ಸಾಮಾನ್ಯವಾಗಿ 60 ಕ್ರೆಡಿಟ್‌ಗಳು ಕೊನೆಯ ಪ್ರಬಂಧಕ್ಕೇ ಹೋಗುತ್ತವೆ, ಮತ್ತು ಆ ಪ್ರಬಂಧ ಇಡೀ ಬೇಸಿಗೆಯನ್ನು ನುಂಗುತ್ತದೆ. ಪ್ರಬಂಧ ಒಪ್ಪಿಸಿದ ಮರುದಿನದಿಂದಲೇ ಕೆಲಸ ಹುಡುಕುವ, ಮನೆ ಖಾಲಿ ಮಾಡುವ, ವೀಸಾದ ಅವಧಿ ಲೆಕ್ಕಹಾಕುವ ಚಿಂತೆ ಶುರುವಾಗುವುದರಿಂದ ನೀವು ಕಲ್ಪಿಸಿಕೊಂಡಿರುವ ಆ ನಿಶ್ಚಿಂತ ಬಿಡುವು ಬರುವುದೇ ಇಲ್ಲ. ಕ್ರಿಸ್‌ಮಸ್ ರಜೆಯನ್ನೂ ನೆಚ್ಚಿಕೊಳ್ಳಬೇಡಿ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ಜೊತೆಗೆ ಜನವರಿಯಲ್ಲಿ ಒಪ್ಪಿಸಬೇಕಾದ ಬರಹಗಳು ತಲೆಯ ಮೇಲಿರುತ್ತವೆ. ತರಗತಿಗಳ ಭಾರ ಇನ್ನೂ ಹಗುರವಾಗಿ, ಬೆಳಕು ಇನ್ನೂ ಉಳಿದಿರುವ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್‌ನ ವಾರಗಳೇ ಸುತ್ತಲು ಒಳ್ಳೆಯ ಕಾಲ. ಹೊಸಬರು ಹೆದರಿಕೊಂಡು ಕೋಣೆಯಲ್ಲಿ ಕುಳಿತುಬಿಡುವುದೂ ಇದೇ ಸಮಯದಲ್ಲಿ.

ನಾನು ಮಾಡಿದ ಇನ್ನೊಂದು ತಪ್ಪು, ನಗರವನ್ನು ಸುರಂಗ ರೈಲಿನ ನಕ್ಷೆಯಿಂದ ಕಲಿಯಲು ಹೋದದ್ದು. ಟ್ಯೂಬ್ ಎಂದು ಕರೆಯುವ ಆ ರೈಲಿನ ಪ್ರಸಿದ್ಧ ನಕ್ಷೆಯನ್ನು ಹ್ಯಾರಿ ಬೆಕ್ ಎಂಬ ನಕ್ಷೆಗಾರ 1931ರಲ್ಲಿ ರಚಿಸಿದರು. ಅದು ಜನರ ಕೈಗೆ ಬಂದದ್ದು 1933ರಲ್ಲಿ. ನೆಲದಡಿಯಲ್ಲಿ ಹೋಗುವವನಿಗೆ ಯಾವ ನಿಲ್ದಾಣದ ನಂತರ ಯಾವುದು, ಎಲ್ಲಿ ಗಾಡಿ ಬದಲಿಸಬೇಕು ಎಂಬುದು ತಿಳಿದರೆ ಸಾಕು, ದೂರ ಎಷ್ಟೆಂಬುದು ಬೇಕಿಲ್ಲ ಎಂಬ ತರ್ಕದ ಮೇಲೆ ಅವರು ಎಲ್ಲ ಗೆರೆಗಳನ್ನೂ ನೇರ ಮಾಡಿ, ನಡುವಿನ ಅಂತರಗಳನ್ನು ಹೆಚ್ಚುಕಡಿಮೆ ಒಂದೇ ಅಳತೆಗೆ ತಂದರು. ಪ್ರಯಾಣಕ್ಕೆ ಅದು ಬಹಳ ಒಳ್ಳೆಯ ನಕ್ಷೆ, ಆದರೆ ಊರನ್ನು ಅರಿಯಲು ಅಷ್ಟೇ ಕೆಟ್ಟದ್ದು. ನೆಲದಡಿಗೆ ಇಳಿದು ಇನ್ನೊಂದು ಕಡೆ ಮೇಲೆ ಬರುವವನಿಗೆ ಪ್ರತಿಯೊಂದು ನಿಲ್ದಾಣವೂ ಒಂದು ದ್ವೀಪದಂತೆ ಕಾಣುತ್ತದೆ. ಆ ದ್ವೀಪಗಳ ನಡುವೆ ಏನಿದೆ ಎಂಬುದು ಗೊತ್ತಾಗುವುದೇ ಇಲ್ಲ. ಲೆಸ್ಟರ್ ಸ್ಕ್ವೇರ್‌ನಿಂದ ಕಾವೆಂಟ್ ಗಾರ್ಡನ್‌ಗೆ ನಾನು ಎಷ್ಟೋ ಸಲ ಹಣ ತೆತ್ತು ರೈಲಿನಲ್ಲಿ ಹೋಗಿದ್ದೇನೆ. ಆ ಎರಡು ನಿಲ್ದಾಣಗಳ ನಡುವೆ ಇರುವುದು ಸುಮಾರು 260 ಮೀಟರ್ ಎಂದು ಒಬ್ಬ ಸಹಪಾಠಿ ನಗುತ್ತ ಹೇಳಿದ ದಿನ ನನಗೆ ನಿಜಕ್ಕೂ ನಾಚಿಕೆಯಾಯಿತು.

ಅಂದಿನಿಂದ ಒಂದು ನಿಯಮ ಮಾಡಿಕೊಂಡೆ. ಹೋಗುವಾಗ ಅವಸರವಿದ್ದರೆ ರೈಲು, ಬರುವಾಗ ನಡಿಗೆ ಅಥವಾ ಬಸ್ಸು. ಬಸ್ಸು ರೈಲಿಗಿಂತ ಅಗ್ಗ; ನಾನಿದ್ದಾಗ ಎಷ್ಟೇ ದೂರ ಹೋದರೂ ಒಂದು ಪ್ರಯಾಣಕ್ಕೆ 1.75 ಪೌಂಡ್, ಮೊದಲ ಬಸ್ಸು ಹತ್ತಿದ ಒಂದು ಗಂಟೆಯೊಳಗೆ ಅದೇ ಕಾರ್ಡಿನಲ್ಲಿ ಬೇರೆ ಬಸ್ಸು ಹತ್ತಿದರೆ ಅದಕ್ಕೆ ಶುಲ್ಕವಿಲ್ಲ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ ಎಂಬುದನ್ನು ಮಾತ್ರ ಮೊದಲ ದಿನವೇ ನೆನಪಿಡಿ. ಪಿಮ್ಲಿಕೋದಿಂದ ಹ್ಯಾಂಪ್‌ಸ್ಟೆಡ್ ಹೀತ್‌ವರೆಗೆ ಹೋಗುವ 24ನೇ ನಂಬರಿನ ಬಸ್ಸಿನ ಮೇಲಂತಸ್ತಿನಲ್ಲಿ ಮುಂದಿನ ಸೀಟು ಹಿಡಿದು ಕುಳಿತರೆ ಸಂಸತ್ ಭವನ, ಟ್ರಫಾಲ್ಗರ್ ಸ್ಕ್ವೇರ್, ಕ್ಯಾಮ್ಡನ್ ಎಲ್ಲವೂ ಒಂದರ ಹಿಂದೊಂದು ಬರುತ್ತವೆ. ಪ್ರವಾಸಿ ಬಸ್ಸುಗಳು ಹತ್ತಾರು ಪಟ್ಟು ಹಣ ಪಡೆದು ತೋರಿಸುವುದರಲ್ಲಿ ಬಹುಪಾಲು ಇದೇ. ಕೊನೆಯ ನಿಲ್ದಾಣದಲ್ಲಿ ಇಳಿದು ಹೀತ್‌ನಲ್ಲಿರುವ ಪಾರ್ಲಿಮೆಂಟ್ ಹಿಲ್ ಎಂಬ ಗುಡ್ಡ ಹತ್ತಿದರೆ ಅಷ್ಟೂ ನಗರ ಕಾಲಡಿಯಲ್ಲಿ ಹರಡಿಕೊಂಡಿರುತ್ತದೆ. ದ್ವೀಪಗಳೆಲ್ಲ ಒಂದೇ ನೆಲದ ಮೇಲಿವೆ ಎಂಬುದು ನನ್ನ ಕಣ್ಣಿಗೆ ಮೊದಲ ಬಾರಿ ಬಿದ್ದದ್ದು ಅಲ್ಲಿ.

ಖರ್ಚಿನ ವಿಷಯದಲ್ಲಿ ಒಂದು ಎಚ್ಚರಿಕೆ. ಬಸ್ಸು, ರೈಲುಗಳಿಗೆ ಹಣ ತೆರಲು ಬಳಸುವ ಆಯ್ಸ್ಟರ್ ಕಾರ್ಡಿನ ವಿದ್ಯಾರ್ಥಿ ರೂಪದಿಂದ ಸಿಗುವ 30% ರಿಯಾಯಿತಿ ವಾರದ, ತಿಂಗಳ ಪಾಸುಗಳಿಗೆ ಮಾತ್ರ. ಬಿಡಿ ಪ್ರಯಾಣಗಳಿಗೆ ಅದು ಅನ್ವಯಿಸುವುದಿಲ್ಲ. ವಾರಕ್ಕೆ ಮೂರು ದಿನ ಮಾತ್ರ ತರಗತಿ ಇರುವವರಿಗೆ ಪಾಸು ದಂಡವಾಗಬಹುದು, ಆದ್ದರಿಂದ ವೇಳಾಪಟ್ಟಿ ಕೈಗೆ ಬರುವವರೆಗೆ ಪಾಸು ಕೊಳ್ಳಬೇಡಿ. ಕೆಲಸ ಮಾಡಿ ಸುತ್ತಾಟದ ಹಣ ದುಡಿಯುವ ಯೋಚನೆಯಿದ್ದರೆ, ವಿದ್ಯಾರ್ಥಿ ವೀಸಾದಲ್ಲಿ ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆಯ ಮಿತಿ ಇದೆ. ಸ್ನಾತಕೋತ್ತರದವರಿಗೆ ಪ್ರಬಂಧ ಬರೆಯುವ ಬೇಸಿಗೆಯೂ ಪಾಠದ ಅವಧಿಯೆಂದೇ ಲೆಕ್ಕ. ಬೇಸಿಗೆ ಎಂದರೆ ರಜೆ ಎಂದು ತಿಳಿದು ಹೆಚ್ಚು ಗಂಟೆ ದುಡಿದು ತೊಂದರೆಗೆ ಸಿಕ್ಕಿಕೊಂಡವರನ್ನು ನಾನು ನೋಡಿದ್ದೇನೆ.

ಓದು ಮತ್ತು ಸುತ್ತಾಟ ಎರಡಕ್ಕೂ ಸಮಯ ಹಂಚುವುದು ಹೇಗೆ ಎಂದು ಕೇಳಿದ್ದೀರಿ. ನಾನು ಹಂಚಲಿಲ್ಲ, ಓದುವ ಜಾಗವನ್ನೇ ಬದಲಿಸುತ್ತಾ ಹೋದೆ. ಸೇಂಟ್ ಪ್ಯಾಂಕ್ರಸ್ ರೈಲು ನಿಲ್ದಾಣದ ಪಕ್ಕದ ಬ್ರಿಟಿಷ್ ಲೈಬ್ರರಿಯಲ್ಲಿ ಗುರುತಿನ ಮತ್ತು ವಿಳಾಸದ ದಾಖಲೆ ತೋರಿಸಿದರೆ ಓದುಗರ ಪಾಸನ್ನು ಉಚಿತವಾಗಿ ಕೊಡುತ್ತಾರೆ. ಬ್ಲೂಮ್ಸ್‌ಬರಿಯಲ್ಲಿ ಸೆನೆಟ್ ಹೌಸ್ ಗ್ರಂಥಾಲಯವಿದೆ. 1930ರ ದಶಕದ ಆ ಬಿಳಿಕಲ್ಲಿನ ಗೋಪುರವನ್ನು ವಿನ್ಯಾಸ ಮಾಡಿದ ಚಾರ್ಲ್ಸ್ ಹೋಲ್ಡನ್ ಅವರೇ ಹಲವು ಟ್ಯೂಬ್ ನಿಲ್ದಾಣಗಳನ್ನೂ ವಿನ್ಯಾಸ ಮಾಡಿದವರು. ಬೆಳಿಗ್ಗೆಯಿಂದ ಮಧ್ಯಾಹ್ನ ಮೂರರವರೆಗೆ ಹೊಸದೊಂದು ಗ್ರಂಥಾಲಯದಲ್ಲಿ ಓದಿ, ಉಳಿದ ಬೆಳಕಿನಲ್ಲಿ ಅದರ ಸುತ್ತಲಿನ ಬೀದಿಗಳಲ್ಲಿ ನಡೆಯುತ್ತಿದ್ದೆ. ಹೀಗೆ ಮಾಡಿದ್ದರಿಂದ ಓದು ಹಿಂದುಳಿಯಲಿಲ್ಲ. ದಿನವಿಡೀ ಒಂದೇ ಮೇಜಿನ ಮುಂದೆ ಕುಳಿತಾಗ ಮಾಡುತ್ತಿದ್ದ ಕಾಲಹರಣವಷ್ಟೇ ಕಡಿಮೆಯಾಯಿತು. ವಸ್ತುಸಂಗ್ರಹಾಲಯಗಳ ಬಗ್ಗೆ ಎಲ್ಲರೂ ಹೇಳುತ್ತಾರಾದ್ದರಿಂದ ನಾನು ಹೆಚ್ಚು ಹೇಳುವುದಿಲ್ಲ. ದೊಡ್ಡವುಗಳಲ್ಲಿ ಹಲವಕ್ಕೆ ಪ್ರವೇಶ ಉಚಿತ, ಬ್ರಿಟಿಷ್ ಮ್ಯೂಸಿಯಂ ಮತ್ತು ನ್ಯಾಷನಲ್ ಗ್ಯಾಲರಿ ಶುಕ್ರವಾರ ಕತ್ತಲಾದ ಮೇಲೂ ತೆರೆದಿರುತ್ತವೆ. ಉಚಿತವಾದ್ದರಿಂದ ಒಂದೇ ದಿನದಲ್ಲಿ ಎಲ್ಲವನ್ನೂ ನೋಡಿ ಮುಗಿಸಬೇಕೆಂಬ ಹಟ ಬೇಡ. ಒಂದು ಶುಕ್ರವಾರಕ್ಕೆ ಒಂದೆರಡು ಕೊಠಡಿ ಸಾಕು.

ನಡೆಯುವಾಗ ಗೋಡೆಗಳನ್ನು ನೋಡುವ ಅಭ್ಯಾಸವಿಟ್ಟುಕೊಳ್ಳಿ. ಹೆಸರಾಂತರು ಬದುಕಿದ ಮನೆಗಳಿಗೆ ದುಂಡನೆಯ ನೀಲಿ ಫಲಕ ಹಾಕುವ ಪದ್ಧತಿ ಅಲ್ಲಿ 19ನೇ ಶತಮಾನದಿಂದ ಇದೆ. ಪಿಮ್ಲಿಕೋದ ಸೇಂಟ್ ಜಾರ್ಜಸ್ ಡ್ರೈವ್‌ನಲ್ಲಿ 1896ರಲ್ಲಿ ವಿವೇಕಾನಂದರು ತಂಗಿದ್ದ ಮನೆಯ ಮುಂದೆ ನಾನು ಅಕಸ್ಮಾತ್ತಾಗಿ ನಿಂತದ್ದು ಹೀಗೆಯೇ. ಹುಡುಕಿಕೊಂಡು ಹೋದದ್ದು ಮಾತ್ರ ಪ್ರಿಮ್‌ರೋಸ್ ಹಿಲ್ ಹತ್ತಿರದ 10, ಕಿಂಗ್ ಹೆನ್ರೀಸ್ ರೋಡ್‌ಗೆ. 1921-22ರಲ್ಲಿ ಅಂಬೇಡ್ಕರ್ ಅವರು ವಾಸವಿದ್ದ ಆ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಅವರು 1916ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಸೇರಿ, ವಿದ್ಯಾರ್ಥಿವೇತನದ ಅವಧಿ ಮುಗಿದದ್ದರಿಂದ ಮರುವರ್ಷ ಓದನ್ನು ಅರ್ಧಕ್ಕೆ ಬಿಟ್ಟು ಹೋಗಿ, 1920ರಲ್ಲಿ ಮತ್ತೆ ಬಂದು ಓದು ಮುಗಿಸಿದವರು. ನನ್ನ ಪ್ರಬಂಧದ ವಿಷಯವನ್ನು ಮಾರ್ಗದರ್ಶಕರು ಎರಡನೆಯ ಸಲ ತಿರಸ್ಕರಿಸಿದ ವಾರ ಆ ಮನೆಗೆ ಹೋಗಿದ್ದೆ. ನನ್ನ ಕಷ್ಟದ ಅಳತೆ ಎಷ್ಟೆಂದು ತಿಳಿದು ಸುಮ್ಮನೆ ವಾಪಸು ಬಂದೆ. ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್‌ನಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆ ಇದೆ. ಕನ್ನಡ ಮಾತಾಡಬೇಕೆನಿಸಿದ ಭಾನುವಾರಗಳಲ್ಲಿ ಅಲ್ಲಿನ ಬೆಂಚಿನ ಮೇಲೆ ಕುಳಿತು ಮನೆಗೆ ಫೋನ್ ಮಾಡುತ್ತಿದ್ದೆ.

ಜೂನ್‌ನಲ್ಲಿ ರಾತ್ರಿ ಒಂಬತ್ತರ ನಂತರವೂ ಬೆಳಕಿರುತ್ತದೆ. ದಿನವಿಡೀ ಪ್ರಬಂಧ ಬರೆದು ಸಂಜೆ ಏಳಕ್ಕೆ ಹೊರಟರೂ ಎರಡು ಗಂಟೆ ನಡೆಯಬಹುದು. ಪ್ಯಾಡಿಂಗ್ಟನ್ ಕಡೆಯಿಂದ ಲೈಮ್‌ಹೌಸ್‌ವರೆಗೆ ಸುಮಾರು 14 ಕಿ.ಮೀ. ಹರಿಯುವ, 1820ರಲ್ಲಿ ಪೂರ್ಣಗೊಂಡ ರೀಜೆಂಟ್ಸ್ ಕಾಲುವೆಯ ದಂಡೆಯನ್ನು ನಾನು ಆ ಸಂಜೆಗಳಲ್ಲಿ ತುಂಡು ತುಂಡಾಗಿ ನಡೆದು ಮುಗಿಸಿದೆ. ಹಿಂದಿನ ದಿನ ಎಲ್ಲಿ ನಿಲ್ಲಿಸಿದ್ದೆನೋ ಮರುದಿನ ಅಲ್ಲಿಗೇ ಬಸ್ಸಿನಲ್ಲಿ ಹೋಗಿ ಇಳಿಯುತ್ತಿದ್ದೆ. ಗ್ರೀನಿಚ್‌ನಲ್ಲಿ ನದಿಯ ಕೆಳಗೆ ನಡೆದೇ ದಾಟಬಹುದಾದ, 1902ರಲ್ಲಿ ತೆರೆದ ಸುರಂಗವೊಂದಿದೆ, ಅದಕ್ಕೂ ಹಣ ಕೊಡಬೇಕಿಲ್ಲ. ಇಷ್ಟೆಲ್ಲ ಹೇಳಿದ ನಾನು ಟವರ್ ಆಫ್ ಲಂಡನ್ ಒಳಗೆ ಹೋಗಲೇ ಇಲ್ಲ. ಟಿಕೆಟ್ಟಿನ ಬೆಲೆ ನೋಡಿ ಎರಡು ಸಲ ಬಾಗಿಲಿನಿಂದ ಹಿಂದಿರುಗಿದೆ, ಮೂರನೆಯ ಸಲ ಹೋಗುವಷ್ಟರಲ್ಲಿ ಮನೆಯ ಕೀಲಿ ಹಿಂದಿರುಗಿಸುವ ದಿನ ಬಂದಿತ್ತು.