ಮಂಡಿ ಆಪರೇಷನ್ ಆದಮೇಲೆ ಹೊಟ್ಟೆಗೆ ಕೊಡೋ ಇಂಜೆಕ್ಷನ್ ಬಿಡಬಹುದಾ?

ನಮಸ್ಕಾರ. ಕೋಲಾರದಲ್ಲಿ ನಿಮ್ಮ ತಾಯಿಗೆ ಮಂಡಿ ಕೀಲು ಬದಲಿಸ್ತಾರೆ, ‘ಭಾರತೀಯರಿಗೆ ರಕ್ತ ಹೆಪ್ಪುಗಟ್ಟೋದು ಕಮ್ಮಿಯಂತೆ, ರಕ್ತ ತೆಳು ಮಾಡೋಕೆ ಹೊಟ್ಟೆಗೆ ಕೊಡೋ ಇಂಜೆಕ್ಷನ್ ಬೇಕಾ’ ಅಂತ ಕೇಳಿದ್ದೀರಿ. ದಯವಿಟ್ಟು ನೀವಾಗಿ ಬಿಡಬೇಡಿ.

ನೀವು ಓದಿದ್ದು ಪೂರ್ತಿ ಸುಳ್ಳಲ್ಲ. ಯುರೋಪ್ ಮೂಲದವರಲ್ಲಿ 100ಕ್ಕೆ ಸುಮಾರು 5 ಜನರಿಗೆ ‘ಫ್ಯಾಕ್ಟರ್ ಫೈವ್ ಲೈಡನ್’ ಅನ್ನೋ ಆನುವಂಶಿಕ ಬದಲಾವಣೆ ಇರುತ್ತೆ, ಅಂಥವರ ರಕ್ತ ಬೇಗ ಹೆಪ್ಪುಗಟ್ಟುತ್ತೆ. ಏಷ್ಯಾದ ಬಹುಪಾಲು ಜನರಲ್ಲಿ ಅದು ಅಪರೂಪ. ಆದರೂ ಮಂಡಿ ಆಪರೇಷನ್, ವಯಸ್ಸು, ತೂಕ, ಹಾಸಿಗೆ ಹಿಡಿಯೋದು, ಇವುಗಳಿಂದ ರಕ್ತ ಹೆಪ್ಪುಗಟ್ಟೋ ಅಪಾಯ ಯಾವ ಜನಾಂಗದವರನ್ನೂ ಬಿಡಲ್ಲ.

ನೋಡೋಕೆ ಬಂದ ನೆಂಟರು ‘ಕಾಲು ಅಲ್ಲಾಡಿಸಬೇಡಮ್ಮ, ಸುಮ್ನೆ ಮಲಕ್ಕೋ’ ಅಂತಾರಲ್ಲ, ನನಗೆ ಅದೇ ಭಯ. ಮಲಗಿದ್ದಾಗಲೂ ಪಾದ ಮೇಲಕ್ಕೆ ಕೆಳಕ್ಕೆ ಆಡಿಸ್ತಾ ಇರಲಿ, ಫಿಸಿಯೋದವರು ಎಬ್ಬಿಸಿದಾಗ ನಡೀಲಿ. ಇಂಜೆಕ್ಷನ್ ಕೊಟ್ಟ ಜಾಗ ಉಜ್ಜಬೇಡಿ, ನೀಲಿಗಟ್ಟುತ್ತೆ.

ಇಕೋಸ್ಪ್ರಿನ್ (ಆಸ್ಪಿರಿನ್ ಮಾತ್ರೆ) ನುಂಗ್ತಿದ್ದರೆ, ಕಿಡ್ನಿ ತೊಂದರೆ ಇದ್ದರೆ, ಮನೇಲಿ ಯಾರಿಗಾದರೂ ಹಿಂದೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಈಗಲೇ ಡಾಕ್ಟರಿಗೆ ಹೇಳಿ. ಮನೆಗೆ ಬಂದ ಮೇಲೂ ಕೆಲವು ವಾರ ಅಪಾಯ ಇದ್ದೇ ಇರುತ್ತೆ. ಮೀನಖಂಡ ಊದಿ ನೋವು ಬಂದರೆ ಅವತ್ತೇ ತೋರಿಸಿ. ದಿಢೀರನೆ ಏದುಸಿರು, ಎದೆನೋವು ಬಂದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.